ಒಂದು ಸೌಟು ಎಣ್ಣೆ

ಮುದ್ದವೀರನಿಗೆ ಸುಮ್ಮನೆ ಕೂತವರನ್ನು ಕಂಡರೆ ಆಗುತ್ತಿರಲಿಲ್ಲ.

ತಾನೂ ಕೂರುತ್ತಿರಲಿಲ್ಲ ಎನ್ನಿ. ಕಪಿಲೆಯ ದಂಡೆಯ ಆ ಆಶ್ರಮದಲ್ಲಿ ಎಲ್ಲರಿಗಿಂತ ಮೊದಲು ಏಳುವ ಶಿಷ್ಯ ಅವನೇ, ಕೊನೆಗೆ ಮಲಗುವವನೂ ಅವನೇ. ಅದನ್ನು ನಾಲ್ಕು ಜನಕ್ಕೆ ಹೇಳುತ್ತಿದ್ದವನೂ ಅವನೇ.

ಆಶ್ರಮಕ್ಕೊಂದು ಎಣ್ಣೆ ಗಾಣವಿತ್ತು. ಕಡಲೆಕಾಯಿ ಎಣ್ಣೆ ನೆಲಮನೆಯ ತೊಟ್ಟಿಯಲ್ಲಿ ತಣ್ಣಗೆ ನಿಂತು ತಿಳಿಯಾಗುತ್ತಿತ್ತು. ಅಲ್ಲಿಂದ ಮೋಟರು ಅದನ್ನು ಕಬ್ಬಿಣದ ಪೈಪಿನಲ್ಲಿ ಬಯಲು ದಾಟಿಸಿ, ಡಬ್ಬ ತುಂಬುವ ಶೆಡ್ಡಿಗೆ ತಳ್ಳುತ್ತಿತ್ತು. ಶೆಡ್ಡಿನಲ್ಲಿ ಸುತ್ತಲ ಹಳ್ಳಿಗಳ ಒಂಬತ್ತು ಜನ ಹೆಂಗಸರು. ದೀಪಾವಳಿಯಿಂದೀಚೆಗೆ ಎಲ್ಲದರ ಉಸ್ತುವಾರಿ ಮುದ್ದವೀರನದು.

ಬೇಸಿಗೆ ಬಂತು. ಹದಿನೈದು ದಿನದಲ್ಲಿ ಮೂರು ಸಲ ಪೈಪಿನ ಜಾಯಿಂಟಿನ ವಾಷರ್ ಕಿತ್ತುಹೋಗಿ, ಎಣ್ಣೆ ಮಣ್ಣುಪಾಲಾಯಿತು.

ಮುದ್ದವೀರ ಗುರುಗಳ ಬಳಿ ಹೋಗಿ ಕೈಮುಗಿದ. ಅವರು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು.

“ಬುದ್ಧೀ, ಕಾರಣ ಸಿಕ್ಕಿತು.”

“ಏನಪ್ಪಾ?”

“ಹೆಂಗಸರ ಮಧ್ಯಾಹ್ನದ ಬಿಡುವು.”

“ಅದು ಹೇಗೆ?”

“ಮೂರು ಸಲವೂ ಒಡೆದಿದ್ದು ಆ ಹೊತ್ತಿನಲ್ಲೇ. ಎಣ್ಣೆ ಹರಿಯುವಾಗ ಒಂದು ಸಲವೂ ಒಡೆದಿಲ್ಲ. ಉಣ್ಣೋಕೆ ಅಂತ ಎರಡೂ ಕಡೆ ವಾಲ್ವ್ ಮುಚ್ಚಿ ಹೋಗ್ತಾರೆ. ಉಂಡವರು ಎದ್ದು ಬರಬೇಕಲ್ಲ? ಅಲ್ಲೇ ಹೊಂಗೆ ನೆರಳಲ್ಲಿ ಮಲಗಿಬಿಡ್ತಾರೆ. ನಾಳೆಯಿಂದ ಇಬ್ಬಿಬ್ಬರಾಗಿ ಉಂಡು ಬರಲಿ, ಕೆಲಸ ನಿಲ್ಲೋದೇ ಬೇಡ. ತಮ್ಮ ಅಪ್ಪಣೆ ಆಗಬೇಕು.”

ತಪ್ಪು ಎಲ್ಲಿದೆ ಹೇಳಿ? ನೋಡಿದ್ದೂ ನಿಜ, ಹೇಳಿದ್ದೂ ನಿಜ. ಹೀಗೆ ನೂರಕ್ಕೆ ನೂರು ಸರಿಯಿರುವವರ ಜೊತೆ ಏಗುವುದು ಬಹಳ ಕಷ್ಟ.

“ಚಿಕ್ಕತಾಯಮ್ಮ ಏನಂದಳು?” ಗುರುಗಳು ಕೇಳಿದರು. ಚಿಕ್ಕತಾಯಮ್ಮ ಆ ಒಂಬತ್ತು ಜನರಲ್ಲಿ ಹಿರಿಯಳು.

“ಜಾಸ್ತಿ ಏನೂ ಅನ್ನಲಿಲ್ಲ ಬುದ್ಧಿ. ‘ನಾಕು ಗಂಟೆಗೆ ಎದ್ದು ನಡ್ಕಂಡು ಬರೋರು ನಾವು. ಆ ಅರ್ಧ ಗಂಟೆನೂ ಕಿತ್ಕಂಡ್ರೆ ನಾಳೆಯಿಂದ ಒಬ್ಬರೂ ಬರಕಿಲ್ಲ’ ಅಂದಳು. ಅಷ್ಟೇ.”

“ಅಷ್ಟೇನಾ,” ಎಂದರು ಗುರುಗಳು. “ಅಪ್ಪಣೆ ಕೊಡೋಣ. ಅದಕ್ಕೆ ಮೊದಲು ಇವತ್ತು ಬಿಡುವಿನ ಹೊತ್ತಿನಲ್ಲಿ ನೀನು ಪೈಪಿನ ಹತ್ತಿರ ಇರು. ನಾನೂ ಬರ್ತೀನಿ.”

ಹನ್ನೆರಡೂವರೆಗೆ ಮೋಟರು ನಿಂತಿತು. ಹೆಂಗಸರು ಎರಡೂ ಕಡೆ ವಾಲ್ವ್ ಮುಚ್ಚಿ, ಬುತ್ತಿ ಹಿಡಿದು ಹೊಂಗೆ ಮರದ ಕಡೆ ಹೋದರು. ಯಾರೂ ಮುದ್ದವೀರನ ಮುಖ ನೋಡಲಿಲ್ಲ.

“ಪೈಪಿನ ಮೇಲೆ ಕೈಯಿಡು.”

“ತಣ್ಣಗಿದೆ ಬುದ್ಧಿ.”

ಕಾದರು. ಬಯಲಿನಲ್ಲಿ ನೆರಳೆಂಬುದೇ ಇರಲಿಲ್ಲ.

“ಈಗ?”

“ಬೆಚ್ಚಗಾಯಿತು.”

“ಮುಳ್ಳು?”

ಒತ್ತಡ ತೋರಿಸುವ ಮೀಟರೊಂದನ್ನು ಪೈಪಿಗೆ ಕೂರಿಸಿದ್ದರು. ಅದರ ಮುಳ್ಳು ಮೇಲೆ ಸರಿದಿತ್ತು.

“ಯಾರಾದರೂ ಏನಾದರೂ ಮುಟ್ಟಿದರಾ?”

“ಇಲ್ಲ ಬುದ್ಧಿ. ನಾವಿಬ್ಬರೇ ಇದ್ದೀವಿ.”

ಇನ್ನೂ ಸ್ವಲ್ಪ ಹೊತ್ತಿಗೆ ಪೈಪು ಚುರ್ರೆನ್ನತೊಡಗಿತು. ಮುದ್ದವೀರ ಕೈ ಹಿಂದಕ್ಕೆಳೆದುಕೊಂಡ. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಅವನಿಗೆ ಹೆದರಿಕೆಯಾಯಿತು.

“ಬುದ್ಧೀ, ಇತ್ತ ಬನ್ನಿ! ಈಗ ಒಡೆಯುತ್ತೆ!”

ಗುರುಗಳು ಅಲ್ಲಾಡಲಿಲ್ಲ. “ಒಲೆ ಮೇಲೆ ಬಾಣಲೆ ಇಡ್ತೀಯಲ್ಲ, ಅಂಚಿನ ತನಕ ಎಣ್ಣೆ ಹಾಕ್ತೀಯಾ?”

“ಇಲ್ಲ. ಕಾದರೆ ಉಬ್ಬಿ ಚೆಲ್ಲುತ್ತೆ.”

“ಇದರೊಳಗೆ ಇರೋದು?”

“ಅದೇ ಎಣ್ಣೆ.”

“ಉಬ್ಬಿದ್ದು ಎಲ್ಲಿಗೆ ಹೋಗಬೇಕು?”

ಮುದ್ದವೀರನ ಕಣ್ಣು ಪೈಪಿನ ಬೆನ್ನ ಮೇಲಿದ್ದ ಸಣ್ಣ ವಾಲ್ವಿನ ಮೇಲೆ ಬಿತ್ತು. ಒಳಗೊಂದು ಸ್ಪ್ರಿಂಗು, ತಲೆಯ ಮೇಲೊಂದು ತಿರುಪು. ಪಕ್ಕದಲ್ಲಿ ಬೆರಳು ಗಾತ್ರದ ಕೊಳವೆ, ಅದರ ಕೆಳಗೊಂದು ಪಾತ್ರೆ. ಪಾತ್ರೆ ಒಣಗಿತ್ತು.

“ಬುದ್ಧೀ, ಅದು ಮಧ್ಯಾಹ್ನದ ಹೊತ್ತು ಸೋರುತ್ತಿತ್ತು. ಇರುವೆ ಮುತ್ತುತ್ತಿದ್ದವು. ಎಣ್ಣೆ ದಂಡವಾಗುತ್ತೆ ಅಂತ ನಾನೇ ತಿರುಪು ಬಿಗಿದೆ.”

“ಎಷ್ಟು ಬಿಗಿದೆ?”

“ಕೈಲಾದಷ್ಟೂ.”

“ಸಡಿಲ ಮಾಡು.”

ಮುದ್ದವೀರ ಶೆಡ್ಡಿನಿಂದ ಸ್ಪಾನರ್ ತಂದು ತಿರುಪಿಗೆ ಹಾಕಿದ. ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ಕೊಳವೆಯಿಂದ ಎಣ್ಣೆ ಚಿಮ್ಮಿ, ಸಣ್ಣಗಾಗಿ, ತೊಟ್ಟಿಕ್ಕಿ ನಿಂತಿತು. ಮುಳ್ಳು ಇಳಿಯಿತು.

ಮುದ್ದವೀರ ಪಾತ್ರೆಯೊಳಗೆ ಬಗ್ಗಿ ನೋಡಿದ. ತಳದಲ್ಲಿ ಒಂದು ಸೌಟಿನಷ್ಟು ಎಣ್ಣೆ.

“ಇಷ್ಟೇನಾ?”

“ಇಷ್ಟೇ.”

“ಇಷ್ಟಕ್ಕೆ ಆ ದಪ್ಪ ಪೈಪು ಕಿತ್ತುಕೊಳ್ಳುತ್ತಿತ್ತಾ?”

“ಇಷ್ಟನ್ನೂ ಬಿಡದೆ ಇದ್ದಿದ್ದಕ್ಕೆ. ಹೋಗು, ಅದನ್ನು ತೊಟ್ಟಿಗೇ ಸುರಿದು ಬಾ. ದಂಡವಾಗಲ್ಲ.”

ಮುದ್ದವೀರನಿಗೆ ನಾಚಿಕೆಯಾಯಿತು. ತೋರಿಕೆಗಲ್ಲ, ನಿಜವಾಗಿ ಆಯಿತು.

“ಹೆಂಗಸರಿಗೆ ತಾವೇ ಒಂದು ಮಾತು ಹೇಳಿಬಿಡಿ ಬುದ್ಧಿ.”

“ಬಿಗಿದವನು ನೀನು.”

ಹೋದ. ಹೊಂಗೆ ನೆರಳಿನ ಅಂಚಿನಲ್ಲಿ ನಿಂತ.

“ಚಿಕ್ಕತಾಯಮ್ಮ, ತಪ್ಪು ನಂದು. ಪೈಪು ಒಡೆದದ್ದು ನೀವು ಮಲಗಿದ್ದಕ್ಕಲ್ಲ, ನಾನು ತಿರುಪು ಬಿಗಿದದ್ದಕ್ಕೆ. ನಾಳೆ ಎಲ್ಲರೂ ಬನ್ನಿ. ಬಿಡುವು ಇದ್ದ ಹಾಗೇ ಇರುತ್ತೆ.”

ಮಲಗಿದ್ದ ಚಿಕ್ಕತಾಯಮ್ಮ ಎದ್ದು ಕೂತಳು. ಬಿಸಿಲಿಗೆ ಕೆಂಪಾದ ಅವನ ಮುಖವನ್ನು ಒಂದು ಗಳಿಗೆ ನೋಡಿದಳು.

“ಉಂಡ್ರಾ ಸ್ವಾಮಿ?”

“ಇನ್ನೂ ಇಲ್ಲ.”

“ಯಾವತ್ತಾರ ಹೊತ್ತಿಗೆ ಸರ್ಯಾಗಿ ಉಂಡಿದ್ದೀರಾ? ಅದ್ಕೇ ಹಿಂಗೆ ಎಲ್ಲರ ಮೇಲೂ ಉರ್ಕಂಡು ಬೀಳೋದು. ಬನ್ನಿ, ಕುಂತ್ಕಳಿ.”

ಹೆಂಗಸರು ನಕ್ಕರು. ಒಬ್ಬಳು ಮುದ್ದೆ ಮುರಿದು ಕೊಟ್ಟಳು, ಇನ್ನೊಬ್ಬಳು ಉಪ್ಸಾರು ಬಿಟ್ಟಳು. ಮುದ್ದವೀರ ಹೊಟ್ಟೆ ತುಂಬ ಉಂಡ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಐದು ನಿಮಿಷ ಎಂದುಕೊಂಡು ಬೆನ್ನು ಚಾಚಿದ.

ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು. ಶೆಡ್ಡಿನಲ್ಲಿ ಹೆಂಗಸರು ಡಬ್ಬಗಳನ್ನು ಜೋಡಿಸುತ್ತಿದ್ದರು. ಯಾರೂ ಅವನನ್ನು ಎಬ್ಬಿಸಿರಲಿಲ್ಲ. ತಲೆಯ ಕೆಳಗೆ ಯಾರೋ ಟವೆಲ್ ಮಡಿಸಿ ಇಟ್ಟಿದ್ದರು.

ಶೆಡ್ಡಿಗೊಮ್ಮೆ ಇಣುಕಿ, ಎದ್ದುಬಿದ್ದು ಗುರುಗಳ ಬಳಿ ಓಡಿದ.

“ಬುದ್ಧೀ, ಅನ್ಯಾಯವಾಯಿತು! ಕೆಲಸದ ಹೊತ್ತಿನಲ್ಲಿ ಮೂರು ಗಂಟೆ ಮಲಗಿಬಿಟ್ಟೆ.”

“ಪೈಪು ಒಡೀತಾ?”

“ಇಲ್ಲ.”

“ಡಬ್ಬ ತುಂಬಿದವಾ?”

“ತುಂಬಿವೆ ಬುದ್ಧಿ.” ಮುದ್ದವೀರ ತಲೆ ಕೆರೆದುಕೊಂಡ. “ದಿನಕ್ಕಿಂತ ಹೆಚ್ಚೇ ತುಂಬಿವೆ.”

“ಹಾಗಾದರೆ ನಾಳೆಯೂ ಮಲಗು.”