ಐರಿ ಮೊಣ್ಣಪ್ಪನ ಐದು ಗುಂಡು

ಎಷ್ಟು ಹಿಂದೆ ಎಂದು ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕೊಡಗಿನಲ್ಲಿ ನೆಲ್ಲಿಕುಂದು ಎಂಬ ಒಂದು ಊರು. ಆ ಊರಿನಲ್ಲಿ ಮನೆಗೊಂದು ಕೋವಿ. ಆ ಕೋವಿಗಳಿಗೆಲ್ಲ ಒಬ್ಬನೇ ವೈದ್ಯ. ಅವನ ಹೆಸರು ಮೊಣ್ಣಪ್ಪ. ಕಬ್ಬಿಣದ ಕೆಲಸ ಮಾಡುವ ಐರಿ ಕುಲದವನಾದ್ದರಿಂದ ಎಲ್ಲರೂ ಅವನನ್ನು ಐರಿ ಮೊಣ್ಣಪ್ಪ ಎಂದೇ ಕರೆಯುತ್ತಿದ್ದರು.

ಅವನು ಕತ್ತಿ ಮಾಡುತ್ತಿದ್ದ, ಗುದ್ದಲಿ ಮಾಡುತ್ತಿದ್ದ. ಆದರೆ ಅವನ ಹೆಸರು ಉಳಿದದ್ದು ಸಣ್ಣ ರೈಫಲುಗಳಿಂದ. ತೆಂಗಿನಕಾಯಿಗೆ ಗುರಿಯಿಡುವ, ಬೋಲ್ಟ್ ಎಳೆದು ಒಂದೊಂದೇ ತೋಟೆ ತುಂಬುವ ರೈಫಲು. ನಮ್ಮ ಜನ ಅದನ್ನು ಪಾಯಿಂಟ್ ಟೂಟೂ ಎನ್ನುತ್ತಾರೆ. ಅದರ ತೋಟೆ ಕಿರುಬೆರಳಿಗಿಂತ ಸಣ್ಣದು. ಬೆಂಕಿ ಹತ್ತಿಸುವ ಮದ್ದು ಆ ತೋಟೆಯ ಬುಡದ ಅಂಚಿನಲ್ಲಿರುತ್ತದೆ. ಒಳಗಿನ ಪಿನ್ನು ಆ ಅಂಚಿಗೇ ತಾಗಬೇಕು, ಪ್ರತಿ ಸಲವೂ ಅಷ್ಟೇ ಬಲವಾಗಿ ತಾಗಬೇಕು. ದೊಡ್ಡ ಕೋವಿ ತನ್ನ ತಪ್ಪನ್ನು ಸದ್ದಿನಲ್ಲಿ ಮುಚ್ಚಿಕೊಳ್ಳುತ್ತದೆ, ಸಣ್ಣ ಕೋವಿಗೆ ಮುಚ್ಚಿಕೊಳ್ಳಲು ಏನೂ ಇಲ್ಲ ಎಂದು ಮೊಣ್ಣಪ್ಪ ಹೇಳುತ್ತಿದ್ದನಂತೆ.

ಗದ್ದೆಯ ಆಚೆ ದಡದಲ್ಲಿ ಯಾರಾದರೂ ಬೋಲ್ಟ್ ಮುಚ್ಚಿದರೆ, ಈಚೆ ದಡದಲ್ಲಿ ಕೂತು, ಇದು ಯಾರ ಮನೆಯ ಕೋವಿ ಎಂದು ಹೇಳುತ್ತಿದ್ದನಂತೆ. ಹಿಂದಿನ ತಿರುಪು ಅರ್ಧ ಸುತ್ತು ಸಡಿಲವಾಗಿದೆ, ಬಿಗಿ ಮಾಡಿಕೋ ಎಂದು ಅಲ್ಲಿಂದಲೇ ಕೂಗುತ್ತಿದ್ದನಂತೆ. ಅವನು ಸರಿಮಾಡಿದ ನಳಿಗೆಯೊಳಗೆ ಕಣ್ಣಿಟ್ಟರೆ ಮುಂದಿನ ವರ್ಷದ ಹಬ್ಬ ಕಾಣುತ್ತಿತ್ತು ಎನ್ನುವವರೂ ಇದ್ದಾರೆ. ಅಷ್ಟನ್ನು ನೀವು ನಂಬಬೇಕಾಗಿಲ್ಲ. ನಂಬಬೇಕಾದದ್ದು ಇಷ್ಟು: ಯಾವ ಕೋವಿ ಬಂದರೂ ಅವನು ಮೊದಲು ಬಾಯಿ ತೆರೆಯುತ್ತಿರಲಿಲ್ಲ. ಭತ್ತದ ಹೊಟ್ಟು ತುಂಬಿದ ಗೋಣಿಯ ಮೇಲೆ ಕೋವಿಯನ್ನು ಮಲಗಿಸಿ, ಐವತ್ತು ಹೆಜ್ಜೆ ದೂರದ ಕಾಗದಕ್ಕೆ ಐದು ಗುಂಡು ಹೊಡೆಯುತ್ತಿದ್ದ. ಒಂದು ಗುಂಡು ನೆಟ್ಟಗೆ ಹೋದರೆ ಅದು ಅದೃಷ್ಟ, ಎರಡು ಹೋದರೆ ಗುರಿಕಾರನ ಜಂಬ, ಐದೂ ಒಂದೇ ಕಡೆ ಹೋದರೆ ಮಾತ್ರ ಅದು ಕೋವಿಯ ಗುಣ ಎನ್ನುತ್ತಿದ್ದ. ಆಮೇಲೆ ಆ ತೂತುಗಳನ್ನು ಅಳೆಯುತ್ತಿದ್ದ. ಹುಣಸೆಬೀಜದೊಳಗೆ ಅಡಗಿದರೆ ಉತ್ತಮ, ಹಲಸಿನ ಬೀಜದೊಳಗೆ ಅಡಗಿದರೆ ಸಾಧಾರಣ, ನಿಂಬೆಹಣ್ಣು ಬೇಕಾದರೆ ಕೋವಿಗೆ ಕಾಯಿಲೆ.

ಅದೇ ಊರಿನಲ್ಲಿ ಚೀಯಣ್ಣ ಎಂಬ ಗುರಿಕಾರನಿದ್ದ. ಅವನ ಕೋವಿ ಇಡೀ ನಾಡಿಗೇ ನೇರವಾದದ್ದು. ಭತ್ತದ ನಾಟಿ ಮುಗಿದ ಮೇಲೆ ಕೈಲುಮುಹೂರ್ತ ಬರುತ್ತದಲ್ಲ, ಆಯುಧಗಳನ್ನು ಪೂಜಿಸುವ ಹಬ್ಬ, ಆ ದಿನ ಕೋವಿಯ ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸುತ್ತಾರೆ. ಕೆಂಪು ಹಳದಿಯ, ಬೆಂಕಿಯ ನಾಲಿಗೆಯಂಥ ಹೂವು. ಪೂಜೆ ಮುಗಿದ ಮೇಲೆ ಹೂವನ್ನು ತೆಗೆದು, ಊರಿನ ಬಯಲಿಗೆ ಹೋಗಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಆ ವರ್ಷ ಚೀಯಣ್ಣ ಒಂದೇ ಗುಂಡಿಗೆ ಕಾಯಿ ಒಡೆದ. ಸಂತೋಷದಲ್ಲಿ ಮನೆಗೆ ಬಂದು, ಇನ್ನೊಂದು ಹೂವನ್ನು ಕಿತ್ತು ಮತ್ತೆ ಕೋವಿಯ ಬಾಯಿಗೆ ಸಿಕ್ಕಿಸಿ, ಮೂಲೆಯಲ್ಲಿ ಒರಗಿಸಿಟ್ಟ. ನಾಲ್ಕನೆಯ ದಿನ ಜ್ವರ ಬಂತು. ಒಂಬತ್ತನೆಯ ದಿನ ಅವನಿರಲಿಲ್ಲ.

ಅವನ ಹೆಂಡತಿ ದೇಚಕ್ಕ ಆ ಹೂವನ್ನು ತೆಗೆಯಲಿಲ್ಲ. ಬೇರೆಯವರಿಗೂ ತೆಗೆಯಲು ಬಿಡಲಿಲ್ಲ. ಹೂವು ಬಾಡಿತು, ಒಣಗಿತು, ಕಪ್ಪಾಯಿತು. ದೇಚಕ್ಕ ಕೋವಿಯ ಮರದ ಮೇಲಿನ ಧೂಳನ್ನು ದಿನವೂ ಒರೆಸುತ್ತಿದ್ದಳು, ಹೂವಿನ ಹತ್ತಿರ ಬಂದಾಗ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಹಾಗೆ ಒಂದು ವರ್ಷ ಹೋಯಿತು.

ಮತ್ತೆ ಕೈಲುಮುಹೂರ್ತ ಬಂತು. ಚೀಯಣ್ಣನ ಅಣ್ಣ ಪೆಮ್ಮಯ್ಯ, ಮನೆಯ ಹಿರಿಯ, ಒಣಹೂವನ್ನು ತೆಗೆದು ಪೂಜೆ ಮಾಡಿಸಿ ತಮ್ಮನ ಕೋವಿಯನ್ನು ಬಯಲಿಗೆ ಒಯ್ದ. ಮೊದಲನೆಯ ಗುಂಡು ಕಾಯಿಯಿಂದ ಎರಡು ಮಾರು ಆಚೆಯ ಕೊಂಬೆಗೆ ಬಿತ್ತು. ಎರಡನೆಯದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮೂರನೆಯದು, ಕಾಯಿ ಕಟ್ಟಿ ದೂರ ಹೋಗಿ ನಿಂತಿದ್ದ ಮುದುಕ ಬೋಪುವಿನ ಕಿವಿಯ ಪಕ್ಕ ದುಂಬಿಯ ಹಾಗೆ ಗುಂಯ್ ಎಂದು ಹೋಯಿತು. ಬೋಪು ಕುಸಿದು ಕೂತಲ್ಲಿಂದ ಏಳಲು ಇಬ್ಬರು ಕೈಹಿಡಿಯಬೇಕಾಯಿತಂತೆ.

ಪೆಮ್ಮಯ್ಯ ಕೆಟ್ಟವನಲ್ಲ. ಆದರೆ ಹೆದರಿದ್ದ. ತಮ್ಮನ ಜೊತೆ ಕೋವಿಯ ಪುಣ್ಯವೂ ಹೋಗಿದೆ, ಗುರಿ ತಪ್ಪುವ ಕೋವಿ ಒಂದು ದಿನ ಯಾರನ್ನಾದರೂ ಕೊಲ್ಲುತ್ತದೆ, ಇದನ್ನು ಹೊಳೆಗೆ ಹಾಕಿಬಿಡೋಣ ಎಂದ. ದೇಚಕ್ಕ ಒಂದೇ ಮಾತು ಕೇಳಿದಳಂತೆ.

“ಆಚೆ ನಾಡಿನ ಕೈಲುಮುಹೂರ್ತ ಎಂಟು ದಿನಕ್ಕಿದೆಯಲ್ಲ ಬಾವ. ಅಷ್ಟು ದಿನ ಕೊಡಿ.”

ಆ ಹಬ್ಬ ನಾಡಿಗೊಂದು ದಿನ ಬರುತ್ತದೆ. ಪೆಮ್ಮಯ್ಯ ಒಪ್ಪಿದ. ಅಲ್ಲಿ ಒಂದು ಗುಂಡು, ಒಂದು ಕಾಯಿ. ತಗಲಿದರೆ ಕೋವಿ ಮನೆಯಲ್ಲಿ, ತಪ್ಪಿದರೆ ಹೊಳೆಯಲ್ಲಿ.

ದೇಚಕ್ಕ ಕೋವಿಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಮೊಣ್ಣಪ್ಪನ ಕುಲುಮೆಗೆ ಹೋದಳು. ಅವನು ಏನೂ ಕೇಳಲಿಲ್ಲ. ಗೋಣಿಯ ಮೇಲೆ ಮಲಗಿಸಿ ಐದು ಗುಂಡು ಹೊಡೆದ. ಕಾಗದ ತಂದು ನೋಡಿದರೆ ನಿಂಬೆಹಣ್ಣಲ್ಲ, ಅಂಗೈ ಇಟ್ಟರೂ ಮುಚ್ಚುತ್ತಿರಲಿಲ್ಲ. ಮೂರು ತೂತು ಇತ್ತು, ಎರಡು ಗುಂಡು ಕಾಗದಕ್ಕೇ ತಗಲಿರಲಿಲ್ಲ.

ಮೊಣ್ಣಪ್ಪ ಒಂದೊಂದಾಗಿ ನೋಡುತ್ತ ಬಂದ. ಬೋಲ್ಟ್ ಎಳೆದು ಮುಚ್ಚಿದ, ಅದು ಒಳ್ಳೆಯ ಪೆಟ್ಟಿಗೆಯ ಮುಚ್ಚಳದ ಹಾಗೆ ಕೂತಿತು. ತಿರುಪುಗಳು ಬಿಗಿಯಾಗಿದ್ದವು. ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ಕಾಗದದ ಚೂರನ್ನು ಎಳೆದ, ಎಲ್ಲಿಯೂ ತಡೆಯಲಿಲ್ಲ, ಮರ ಉಬ್ಬಿರಲಿಲ್ಲ. ಹೊಡೆದ ತೋಟೆಗಳ ಅಂಚು ನೋಡಿದ, ಐದರಲ್ಲೂ ಪಿನ್ನಿನ ಗುರುತು ಒಂದೇ ಆಳಕ್ಕಿತ್ತು. ಕೋವಿ ಮಾಡಿದವನು ಮನಸ್ಸಿಟ್ಟು ಮಾಡಿದ್ದಾನೆ ಎಂದು ತನ್ನಷ್ಟಕ್ಕೆ ಹೇಳಿಕೊಂಡನಂತೆ. ಆಮೇಲೆ ಸೀಸದ ಒಂದು ಸಣ್ಣ ತುಂಡನ್ನು ನಳಿಗೆಯೊಳಗೆ ಹಿಂದಿನಿಂದ ಮೆಲ್ಲಗೆ ತಳ್ಳಿದ. ಅದು ಉದ್ದಕ್ಕೂ ಒಂದೇ ಬಿಗಿಯಲ್ಲಿ ಬಂತು. ಬಾಯಿಯ ಹತ್ತಿರ, ಕೊನೆಯ ಅರ್ಧ ಬೆರಳಿನಲ್ಲಿ, ಸಡಿಲವಾಯಿತು. ಅವನು ಹತ್ತಿಯ ಎಳೆಯೊಂದನ್ನು ನಳಿಗೆಯ ಬಾಯಂಚಿನ ಮೇಲೆ ಸುತ್ತ ಎಳೆದ. ಹತ್ತಿ ಮೂರು ಕಡೆ ಸಿಕ್ಕಿಕೊಂಡಿತು.

“ಇಲ್ಲಿ ಏನಿಟ್ಟಿದ್ದೆ ತಾಯಿ?”

“ಹೂವು.”

“ಎಷ್ಟು ದಿನ?”

“ಒಂದು ವರ್ಷ ಮೊಣ್ಣಪ್ಪಣ್ಣ. ಅವರೇ ಇಟ್ಟಿದ್ದು.”

ಹೂವಿನ ದಂಟು ಪಸೆ ಹಿಡಿದಿತ್ತು, ಪಸೆ ತುಕ್ಕು ತಂದಿತ್ತು, ತುಕ್ಕು ಬಾಯಂಚನ್ನು ತಿಂದಿತ್ತು. ಗುಂಡು ನಳಿಗೆಯನ್ನು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಒಂದು ಕಡೆ ಮಾತ್ರ ತರಚಿದರೂ ಗುಂಡು ತಲೆ ಅಲ್ಲಾಡಿಸಿಕೊಂಡು ಹೋಗುತ್ತದೆ. ಇದನ್ನು ಮೊಣ್ಣಪ್ಪ ಅವಳಿಗೆ ಬಿಡಿಸಿ ಹೇಳಿದ. ಹಾಗಾದರೆ ನಾನೇ ಕೆಡಿಸಿದೆ ಎಂದು ಅವಳು ಅಂದಳಂತೆ. ಅದಕ್ಕೆ ಅವನು ಹೇಳಿದ್ದನ್ನು ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ: “ಕಬ್ಬಿಣಕ್ಕೆ ದುಃಖ ತಿಳಿಯುವುದಿಲ್ಲ ತಾಯಿ, ಅದಕ್ಕೆ ಪಸೆ ಮಾತ್ರ ತಿಳಿಯುತ್ತದೆ. ನೀನು ಬೇಸರ ಮಾಡಬೇಡ.”

ಉಪಾಯ ಒಂದೇ ಇತ್ತು. ಬಾಯಿಯಿಂದ ಅರ್ಧ ಬೆರಳು ಕತ್ತರಿಸಿ, ಹೊಸ ಅಂಚು ಕೂರಿಸಬೇಕು. ಅದನ್ನು ಕೇಳಿದ ಕೂಡಲೇ ದೇಚಕ್ಕ ಕೋವಿಯನ್ನು ಅವನ ಕೈಯಿಂದ ತೆಗೆದುಕೊಂಡು ಮನೆಗೆ ಹೊರಟುಹೋದಳು. ಚೀಯಣ್ಣನ ಕೈ ಕೊನೆಯದಾಗಿ ಮುಟ್ಟಿದ್ದು ಅಲ್ಲಿ. ಅದನ್ನೇ ಕತ್ತರಿಸಿ ಎನ್ನಲು ಅವಳಿಂದ ಆಗಲಿಲ್ಲ. ಮೊಣ್ಣಪ್ಪ ತಡೆಯಲಿಲ್ಲ. ಗರಗಸವನ್ನು ಮಾತ್ರ ಹಲ್ಲು ತೀಡಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡನಂತೆ.

ಐದು ದಿನ ಕಳೆಯಿತು. ಆರನೆಯ ದಿನ ಬೆಳಿಗ್ಗೆ ದೇಚಕ್ಕ ಎಂದಿನ ಹಾಗೆ ಧೂಳು ಒರೆಸುತ್ತಿದ್ದಳು. ಬೋಲ್ಟಿನ ಗುಂಡಿ ಒಂದು ಕಡೆ ಸವೆದು ಹೊಳೆಯುತ್ತಿರುವುದು ಆಗ ಅವಳ ಕಣ್ಣಿಗೆ ಬಿತ್ತು. ಎಷ್ಟೋ ವರ್ಷ ಚೀಯಣ್ಣನ ಅಂಗೈ ಎಳೆದು ಮುಚ್ಚಿ, ಎಳೆದು ಮುಚ್ಚಿ ಆದ ಹೊಳಪು. ಅವಳು ತನ್ನ ಅಂಗೈಯನ್ನು ಅದರ ಮೇಲಿಟ್ಟಳು. ಹೂವು ಸಿಕ್ಕಿಸಿದ್ದು ಒಂದು ಕ್ಷಣ, ಇದು ಒಂದು ಆಯುಸ್ಸು. ಆ ಹೊತ್ತಿಗೇ ಎದ್ದು ಕುಲುಮೆಗೆ ನಡೆದಳು.

“ಬಾಯಿ ಕತ್ತರಿಸಿ ಮೊಣ್ಣಪ್ಪಣ್ಣ. ಬೋಲ್ಟಿಗೆ ಮಾತ್ರ ಉಜ್ಜುಕಾಗದ ಮುಟ್ಟಿಸಬೇಡಿ.”

“ಮುಟ್ಟಿಸಿದರೆ ನನ್ನ ಕೈ ಕತ್ತರಿಸು,” ಎಂದ ಮೊಣ್ಣಪ್ಪ.

ಅವನು ಕತ್ತರಿಸಿದ. ಮೂಲೆಮಟ್ಟ ಹಿಡಿದು ನಾಲ್ಕು ಕಡೆಯಿಂದಲೂ ನೋಡಿ ಅರ ಹಾಕಿದ. ಆಮೇಲೆ ದುಂಡು ತಲೆಯ ಹಿತ್ತಾಳೆ ತಿರುಪಿಗೆ ಎಣ್ಣೆ ಬೆರೆಸಿದ ಸಾಣೆಪುಡಿ ಹಚ್ಚಿ, ನಳಿಗೆಯ ಬಾಯಿಗೆ ಕೂರಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆಯುವವನ ಹಾಗೆ ತಿರುಗಿಸಿದ. ಸಾವಿರ ಸಲ ತಿರುಗಿಸಿದ ಎನ್ನುತ್ತಾರೆ, ಹತ್ತು ಸಾವಿರ ಎನ್ನುವವರೂ ಇದ್ದಾರೆ. ಎಣಿಸಿದವರು ಯಾರೂ ಇಲ್ಲ. ಊಟಕ್ಕೆ ಏಳಲಿಲ್ಲ ಎನ್ನುವುದು ಮಾತ್ರ ನಿಜ, ಅವನ ಹೆಂಡತಿ ಅದನ್ನು ಸಾಯುವವರೆಗೆ ಹೇಳಿ ಬೈಯುತ್ತಿದ್ದಳು. ಕೊನೆಗೆ ಹತ್ತಿಯ ಎಳೆ ಬಾಯಂಚಿನ ಸುತ್ತ ಎಲ್ಲೂ ಸಿಕ್ಕದೆ ಜಾರಿತು.

ಏಳನೆಯ ದಿನ ಅವನು ಕೋವಿಯನ್ನು ಗೋಣಿಯ ಮೇಲಿಟ್ಟು, ಐದನ್ನೂ ನೀನೇ ಹೊಡೆ ಎಂದು ದೇಚಕ್ಕನಿಗೆ ಹೇಳಿದ. ಅವಳು ಅಲ್ಲಿಯವರೆಗೆ ಕೋವಿ ಹೊಡೆದವಳಲ್ಲ. ಉಸಿರು ಬಿಟ್ಟು ನಿಲ್ಲಿಸು, ಗುಂಡು ಹಾರಿಸುವ ಕುದುರೆಯನ್ನು ಬೆರಳಿನಿಂದ ಎಳೆಯಬೇಡ, ಹಿಂಡು ಎಂದು ಅವನು ಹೇಳಿಕೊಟ್ಟ. ಐದು ತೂತುಗಳ ಮೇಲೆ ಹುಣಸೆಬೀಜ ಇಟ್ಟರೆ ಒಂದು ತೂತಿನ ಅಂಚು ಮಾತ್ರ ಹೊರಗೆ ಕಂಡಿತು. ಐದೂ ಒಂದೇ ತೂತಾಗಿತ್ತು ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ. ಒಂದರ ಅಂಚು ಹೊರಗಿತ್ತು. ಮೊಣ್ಣಪ್ಪನೇ ಅದನ್ನು ಎಲ್ಲರಿಗೂ ತೋರಿಸುತ್ತಿದ್ದ.

ಎಂಟನೆಯ ದಿನ ಆಚೆ ನಾಡಿನ ಬಯಲಿನಲ್ಲಿ ಜನ ಸೇರಿತ್ತು. ಮುದುಕ ಬೋಪುವೂ ಬಂದಿದ್ದ. ಪೆಮ್ಮಯ್ಯನ ಕೈಯಲ್ಲಿದ್ದ ಕೋವಿ ನೋಡಿ, “ಅಯ್ಯೋ, ಅದೇ ಬಂತಲ್ಲಪ್ಪ! ಯಾವ ಕಡೆ ನಿಲ್ಲಲಿ ಹೇಳಿಬಿಡು ಪೆಮ್ಮಯ್ಯ. ಕಾಯಿಯ ಮುಂದೆಯೇ ನಿಂತರೆ ಕ್ಷೇಮವೋ ಏನೋ!” ಎಂದ. ಬಯಲೆಲ್ಲ ನಕ್ಕಿತು. ಪೆಮ್ಮಯ್ಯ ನಗಲಿಲ್ಲ. ಕೋವಿ ಎತ್ತಿ ಗುರಿ ಹಿಡಿದವನು ಇಳಿಸಿ, ದೇಚಕ್ಕನ ಕಡೆ ತಿರುಗಿದ.

“ತಪ್ಪಿದರೆ ಹೊಳೆಗೆ ಹಾಕುತ್ತೇನೆ ಎಂದವನು ನಾನು. ಹೊಡೆಯುವವನೂ ನಾನೇ ಆದರೆ ನ್ಯಾಯವಲ್ಲ. ನೀನು ಹೊಡೆ.”

ಅವನು ಕೋವಿಯನ್ನು ಅವಳ ಕೈಗೆ ಕೊಟ್ಟ. ದೇಚಕ್ಕ ಬೋಲ್ಟ್ ಎಳೆದಳು, ತೋಟೆ ಇಟ್ಟಳು, ಮುಚ್ಚಿದಳು. ಗುಂಪಿನ ಹಿಂದೆ ನಿಂತಿದ್ದ ಮೊಣ್ಣಪ್ಪ ಕಣ್ಣು ಮುಚ್ಚಿಕೊಂಡಿದ್ದನಂತೆ, ನೋಡಲಿಕ್ಕಲ್ಲ, ಕೇಳಲಿಕ್ಕೆ ಬಂದವನ ಹಾಗೆ. ಸದ್ದಾಯಿತು. ಕಾಯಿ ಅಲ್ಲಾಡಲಿಲ್ಲ, ಒಡೆಯಲಿಲ್ಲ. ತಪ್ಪಿತು ಎಂದು ಯಾರೋ ಅಂದರು. ಪೆಮ್ಮಯ್ಯ ಮರದ ಕೆಳಗೆ ಹೋಗಿ ತಲೆಯೆತ್ತಿ ನೋಡಿದ. ಕಾಯಿಯ ನಡುವಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಎರಡೂ ಕೈ ಬೊಗಸೆ ಹಿಡಿದು ಆ ನೀರನ್ನು ಕುಡಿದ. ತಮ್ಮ ಸತ್ತಾಗ ಅಳದಿದ್ದವನು ಆಗ ಅತ್ತನಂತೆ.

ಆ ಕೋವಿ ಆ ಮನೆಯಲ್ಲೇ ಉಳಿಯಿತು. ಅರ್ಧ ಬೆರಳು ಗಿಡ್ಡ, ಅಷ್ಟೇ. ಮೊಣ್ಣಪ್ಪ ಮುದುಕನಾದ, ಹೋದ. ಅವನ ಕುಲುಮೆಯಿದ್ದ ಜಾಗದಲ್ಲಿ ಈಗ ಬರೀ ಹುಲ್ಲು.

ನೆಲ್ಲಿಕುಂದಿನಲ್ಲಿ ಈಗಲೂ ಕೈಲುಮುಹೂರ್ತದ ದಿನ ಕೋವಿಗೆ ಹೂವು ಸಿಕ್ಕಿಸುತ್ತಾರೆ. ಆದರೆ ಬಯಲಿಗೆ ಹೊರಡುವ ಮೊದಲು ತೆಗೆದ ಹೂವನ್ನು ಮತ್ತೆ ಸಿಕ್ಕಿಸುವುದಿಲ್ಲ, ದೀಪದ ಬಳಿ ಇಡುತ್ತಾರೆ. ನಳಿಗೆಯ ಬಾಯನ್ನು ಹತ್ತಿಯಿಂದ ಒರೆಸುತ್ತಾರೆ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯ ಹೂವನ್ನು ಆ ಮನೆಯವರು ತೆಗೆಯಬೇಕಾಗಿಲ್ಲ. ಪಕ್ಕದ ಮನೆಯವರು ಹೊಟ್ಟಿನ ಗೋಣಿ ಹೊತ್ತುಕೊಂಡು ಬರುತ್ತಾರೆ. ಏನೂ ಮಾತಾಡುವುದಿಲ್ಲ. ಹೂವನ್ನು ತೆಗೆದು ಆ ಮನೆಯವರ ಅಂಗೈಯಲ್ಲಿಟ್ಟು, ಕಾಗದ ಕಟ್ಟಿ, ಐವತ್ತು ಹೆಜ್ಜೆ ಎಣಿಸಿ, ಅವರು ತಾವಾಗಿ ಎದ್ದು ಬಂದು ಐದು ಗುಂಡು ಹೊಡೆಯುವವರೆಗೆ ಅಂಗಳದಲ್ಲಿ ಕಾಯುತ್ತಾರೆ. ಕೆಲವರು ಬೇಗ ಬರುತ್ತಾರೆ, ಕೆಲವರು ಸಂಜೆ ಮಾಡುತ್ತಾರೆ. ಐದು ಗುಂಡು ಆಗುವ ಮೊದಲು ಕಾಯುವವರು ಗೋಣಿ ಎತ್ತಿಕೊಂಡು ಹೋದದ್ದನ್ನು ಮಾತ್ರ ಯಾರೂ ನೋಡಿಲ್ಲ.