ಮಂಜಿನಲ್ಲಿ ಹೊರಟ ದಿಬ್ಬಣ

“ಬುದ್ಧಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದರೂ ಎದುರಿಗಿರುವವನಿಗೆ ಕಾಣುವುದಿಲ್ಲವಲ್ಲ, ಯಾಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. “ಯಾರಿಗೆ ಹೇಳಿದೆ?”

“ನಮ್ಮಣ್ಣನಿಗೆ. ಅವನು ಕುಡಿಯುತ್ತಾನೆ. ಹಬ್ಬದ ದಿನ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗ ಎದ್ದು ನಿಂತು ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವನು ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದುಹೋದ. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಇನ್ನು ಅವನ ಮನೆಯ ಕಡೆ ತಲೆ ಹಾಕಿಯೂ ಮಲಗಬಾರದು ಅಂದುಕೊಂಡಿದ್ದೇನೆ. ತಾವು ಹೂಂ ಅಂದರೆ ಅಲ್ಲಿಗೆ ಮುಗಿಯಿತು.”

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ಮಗಳು. ಕಣಿವೆಯ ಆಚೆ ಕಡೆಯ ಊರಿಗೆ ಅವಳನ್ನು ಕೊಡುವುದೆಂದು ಗೊತ್ತಾಗಿತ್ತು. ಗಂಡಿನ ಮನೆಯಲ್ಲೇ ಮದುವೆ. ಹೊತ್ತು ಹುಟ್ಟುವ ವೇಳೆಗೆ ಮುಹೂರ್ತ. ಅದು ತಪ್ಪಿದರೆ ಆ ವರ್ಷ ಮತ್ತೆ ಒಪ್ಪುವ ಗಳಿಗೆಯೇ ಇಲ್ಲವೆಂದು ಗಂಡಿನ ಕಡೆಯ ಜೋಯಿಸರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ರೈತ ಕೋಳಿ ಕೂಗುವ ಹೊತ್ತಿಗೆ ದಿಬ್ಬಣದ ವ್ಯಾನು ಹೊರಡಿಸಿದ.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಹೊರಡುವಾಗ ದೇವರ ಕೋಣೆಯಲ್ಲಿ ಒಂದು ದೀಪ ಹಚ್ಚುವರು. ಅದನ್ನು ಸೋದರತ್ತೆ ಕೈಯಲ್ಲಿ ಹಿಡಿದು ಗಂಡಿನ ಮನೆಗೆ ಒಯ್ಯಬೇಕು. ಅಲ್ಲಿಯ ಹೊಸ್ತಿಲು ದಾಟುವ ತನಕ ಅದರ ಬತ್ತಿಯನ್ನು ಯಾರೂ ತಗ್ಗಿಸುವ ಹಾಗಿಲ್ಲ. ತಗ್ಗಿಸಿದರೆ ಹೆಣ್ಣಿನ ಬಾಳು ಮಂಕಾಗುತ್ತದೆ ಎಂದು ನಂಬಿಕೆ. ರೈತನ ತಂಗಿ ದೀಪ ಹಿಡಿದು ಮದುಮಗಳ ಪಕ್ಕ ಕೂತಳು. ರೈತ ಮುಂದುಗಡೆ ಚಾಲಕನ ಪಕ್ಕ ಕೂತ. ವ್ಯಾನು ಕಣಿವೆ ಹತ್ತಿತು. ಮಂಜು ಇಳಿಯಿತು.

ಆ ಕಣಿವೆಯ ಮಂಜು ಸಾಮಾನ್ಯದ್ದಲ್ಲ. ಅಲ್ಲಿಯ ಹೆಂಗಸರು ಒಗೆದ ಸೀರೆಯನ್ನು ಮಂಜಿನ ಮೇಲೆ ಹರವಿ ಒಳಗೆ ಹೋಗುತ್ತಿದ್ದರು. ಕಾಗೆಗಳು ಹಾರುವುದನ್ನು ಬಿಟ್ಟು ರಸ್ತೆಯ ಅಂಚಿನಲ್ಲಿ ನಡೆದುಕೊಂಡೇ ಊರು ಸೇರುತ್ತಿದ್ದವು. ಒಬ್ಬ ಮುದುಕ ತನ್ನ ಎಮ್ಮೆಯನ್ನು ಮಂಜಿಗೇ ಕಟ್ಟಿಹಾಕಿ, ಬಿಸಿಲೇರಿದ ಮೇಲೆ ಹಗ್ಗ ಹಿಡಿದುಕೊಂಡು ಎಮ್ಮೆಯನ್ನು ಹುಡುಕುತ್ತಿದ್ದ.

“ಇದು ಸ್ವಲ್ಪ ಹೆಚ್ಚಾಯಿತು ಬುದ್ಧಿ” ಎಂದ ಶಿಷ್ಯ.

“ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ” ಎಂದರು ಗುರುಗಳು. ಮುಂದುವರಿಸಿದರು.

ಚಾಲಕ ವೇಗ ಇಳಿಸಿದ. “ಯಜಮಾನ್ರೇ, ದೊಡ್ಡ ಲೈಟು ಮಂಜಿನ ಮೇಲೇ ಬಿದ್ದು ವಾಪಸು ನಮ್ಮ ಕಣ್ಣಿಗೇ ಬರ್ತಾ ಇದೆ. ಡಿಮ್ ಮಾಡ್ತೀನಿ. ಎದುರಿಂದ ಬರೋರ ಕಣ್ಣಿಗೂ ಒಳ್ಳೇದು.”

ರೈತನಿಗೆ ಸಿಟ್ಟು ನೆತ್ತಿಗೇರಿತು. “ಮಗಳ ಮದುವೆಗೆ ಹೊರಟ ಗಾಡಿ ದೀಪ ತಗ್ಗಿಸ್ತೀಯಾ? ನಿನ್ನ ಬಾಯಿಗೆ ಮಣ್ಣು ಹಾಕ! ಇರೋ ಲೈಟೆಲ್ಲ ಹಾಕು. ಬೀಗರ ಹೊಸ್ತಿಲು ದಾಟೋ ತನಕ ಒಂದೂ ಇಳೀಬಾರದು.”

ಚಾಲಕ ಬಾಡಿಗೆಗೆ ಬಂದವನು. ಇರುವ ಲೈಟೆಲ್ಲ ಹಾಕಿದ. ಸುತ್ತಲೂ ಬೆಳ್ಳಗಾಯಿತು. ವ್ಯಾನು ಹಾಲಿನ ಕೊಳಗದಲ್ಲಿ ಬಿದ್ದ ಕಾಳಿನಂತೆ ತೇಲಿತು. ಚಕ್ರ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಹಿಂದೆ ಹಾಡು ಹೇಳುತ್ತಿದ್ದ ಹೆಂಗಸರ ದನಿ ಎಲ್ಲೋ ಕೆರೆಯ ಆಚೆಯಿಂದ ಕೇಳಿದ ಹಾಗೆ ಕೇಳುತ್ತಿತ್ತು.

ಆ ಬಿಳುಪಿನಲ್ಲಿ ರೈತನಿಗೆ ಏನೇನೋ ಕಾಣತೊಡಗಿತು. ಮೊದಲು ಮದುವೆಯ ಚಪ್ಪರ ಕಂಡಿತು. ಅದರ ಕೆಳಗೆ ಎಂದೋ ತೀರಿಕೊಂಡ ಅವನ ತಾಯಿ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಅವಳ ಹಿಂದೆ ಬಿಳಿಯ ಎತ್ತುಗಳು ಗಾಳಿಯಲ್ಲಿ ಉಳುತ್ತಿದ್ದವು. ಉತ್ತ ಸಾಲೆಲ್ಲ ಹತ್ತಿಯಾಗಿ ಅರಳುತ್ತಿತ್ತು. ತಾಯಿ ಕೈ ಬೀಸಿ ಕರೆದಳು. ಅವನಿಗೆ ಹೆದರಿಕೆಯಾಗಲಿಲ್ಲ. ನನಗೆ ಎಲ್ಲವೂ ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದುಕೊಂಡ. ಕಾಣದೇ ಇದ್ದದ್ದು ರಸ್ತೆ ಒಂದೇ.

“ಬಲಕ್ಕೆ ತಗೋ. ಅಗೋ ಚಪ್ಪರ” ಎಂದ.

“ಯಾವ ಚಪ್ಪರ ಯಜಮಾನ್ರೇ? ಬಲಕ್ಕೆ ಪಾತಾಳ ಇದೆ!”

“ನನಗಿಂತ ನೀನು ಹೆಚ್ಚು ಕಂಡಿದ್ದೀಯಾ? ತಗೋ ಅಂದ್ರೆ ತಗೋ!”

ಬಲಗಡೆಯ ಚಕ್ರದ ಕೆಳಗೆ ಜಲ್ಲಿ ಸರಿದ ಸದ್ದಾಯಿತು. ಕಲ್ಲೊಂದು ಉರುಳಿತು. ಅದು ಕೆಳಗೆ ಬಿದ್ದ ಸದ್ದು ಎಷ್ಟು ಹೊತ್ತಾದರೂ ಬರಲಿಲ್ಲ. ಚಾಲಕ ಬ್ರೇಕು ತುಳಿದ. ಹಾಡು ನಿಂತುಹೋಯಿತು.

ಹಿಂದಿನಿಂದ ಮಗಳು ಮೆಲ್ಲಗೆ ಹೇಳಿದಳು. “ಅಪ್ಪಾ, ನಾನು ಗಂಡನ ಮನೆಗೆ ಹೋಗ್ಬೇಕು. ಮೇಲಿನ ಮನೆಗಲ್ಲ.”

ಚಾಲಕ ಕಿವಿಗೊಟ್ಟು ಕೇಳಲು ಕಿಟಕಿ ಇಳಿಸಿದ. ತಣ್ಣನೆಯ ಗಾಳಿ ನುಗ್ಗಿತು. ರೈತ ಮಗಳ ಕಡೆ ತಿರುಗಿದ. ಬೈಯಬೇಕೆಂದೇ ತಿರುಗಿದ. ಆದರೆ ಅವನ ಕಣ್ಣು ತಂಗಿಯ ಮೇಲೆ ಬಿತ್ತು. ಅವಳು ದೀಪವನ್ನು ಮಡಿಲಿಗೆ ಇಳಿಸಿಕೊಂಡು, ಸುತ್ತ ಸೆರಗು ಮರೆ ಮಾಡಿ ಬಾಗಿ ಕೂತಿದ್ದಳು.

“ದೀಪ ಯಾಕೇ ಮರೆ ಮಾಡಿದೆ?”

“ಮಾಡದೇ ಇದ್ರೆ ಗಾಳಿಗೆ ಉಳೀತದಾ ಅಣ್ಣ? ಹೊರಟಾಗಿನಿಂದ ಹೀಗೇ ಹಿಡ್ಕೊಂಡಿದ್ದೀನಿ. ನೀನು ಈಗ ತಿರುಗಿ ನೋಡ್ತಿದ್ದೀಯ ಅಷ್ಟೇ.”

ರೈತ ನೋಡಿದ. ಸೆರಗಿನ ಸಂದಿಯಿಂದ ಬೆಳಕು ಮಗಳ ಕೈಗಳ ಮೇಲಷ್ಟೇ ಬಿದ್ದಿತ್ತು. ಅವಳ ಹಸಿರು ಬಳೆ ಕಾಣುತ್ತಿತ್ತು. ಆ ಕೈ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದಿರುವುದೂ ಕಾಣುತ್ತಿತ್ತು. ಅಷ್ಟು ಹೊತ್ತು ಅವನಿಗೆ ತೀರಿಕೊಂಡ ತಾಯಿ ಕಂಡಿದ್ದಳು, ಬೆನ್ನ ಹಿಂದೆ ಕೂತ ಮಗಳು ಕಂಡಿರಲಿಲ್ಲ.

“ತಗ್ಗಿಸಪ್ಪ” ಎಂದ ಚಾಲಕನಿಗೆ. ದನಿಯೂ ತಗ್ಗಿತ್ತು.

ಚಾಲಕ ದೊಡ್ಡ ಲೈಟು ಇಳಿಸಿದ. ಬಂಪರಿನ ಕೆಳಗಿದ್ದ ಹಳದಿ ದೀಪ ಹಾಗೇ ಬಿಟ್ಟ. ಬಿಳಿಯ ಗೋಡೆ ಕುಸಿದು ಬಿತ್ತು. ಚಪ್ಪರ ಹೋಯಿತು, ಎತ್ತುಗಳು ಹೋದವು, ತಾಯಿಯೂ ಹೋದಳು. ಚಕ್ರದ ಮುಂದೆ ಒಂದು ತುಂಡು ಟಾರು ರಸ್ತೆ ಕಾಣಿಸಿತು. ಅದರ ಎಡ ಅಂಚಿನಲ್ಲಿ ಒದ್ದೆ ಹುಲ್ಲು. ಚಾಲಕ ಆ ಹುಲ್ಲಿನ ಅಂಚು ಹಿಡಿದು, ಕಿಟಕಿ ತೆರೆದೇ ಇಟ್ಟು, ತಿರುವಿಗೊಮ್ಮೆ ಹಾರನ್ನು ಮುಟ್ಟಿ, ಬಸುರಿ ಹಸುವನ್ನು ಹೊಡೆದುಕೊಂಡು ಹೋಗುವ ಹಾಗೆ ವ್ಯಾನು ಬಿಟ್ಟ. ಮುಹೂರ್ತ ಮೀರುತ್ತದೆ ಎಂದು ರೈತನಿಗೆ ಗೊತ್ತಿತ್ತು. ಆದರೂ ಬೇಗ ಹೋಗು ಎನ್ನಲಿಲ್ಲ.

ಒಂದು ತಿರುವಿನ ಆಚೆ ಏನೋ ಮೊರೆಯಿತು. ಎದುರಿಗೆ ಬೆಳಕಿನ ಗುಡ್ಡವೊಂದು ಎದ್ದು ನಡುರಸ್ತೆಯಲ್ಲೇ ಬರುತ್ತಿತ್ತು. ಅಂಚು ಕಾಣುತ್ತಿದ್ದದ್ದರಿಂದ ಎಡಗಡೆ ಒಂದು ಕಣದ ಬಯಲು ಇರುವುದು ಚಾಲಕನಿಗೆ ಗೊತ್ತಾಯಿತು. ವ್ಯಾನನ್ನು ಪೂರ್ತಿ ಅದರೊಳಕ್ಕೆ ಇಳಿಸಿ ನಿಲ್ಲಿಸಿದ. ತನ್ನ ಸಣ್ಣ ಲೈಟನ್ನು ಮಿಣುಕಿಸಿದ. ಎದುರಿನ ಗಾಡಿ ತಡವರಿಸಿತು. ಅದರ ಬೆಳಕೂ ಕೆಳಗಿಳಿಯಿತು. ಕಿರುಗುಟ್ಟುತ್ತ ಕಣದ ಕಡೆಗೇ ಜಾರಿ ಬಂದು, ವ್ಯಾನಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ರೈತ ಕೆಳಗೆ ಹಾರಿದ. “ಯಾವನಯ್ಯ ಅವನು, ಎದುರಿಗೆ ಬರೋರ ಕಣ್ಣಿಗೆ ಬೆಂಕಿ ಹಾಕೋನು? ಮನೇಲಿ ಹೆಂಡ್ತಿ ಮಕ್ಕಳು ಬೇಡವಾದ್ರಾ?”

ಮಂಜಿನೊಳಗಿಂದ ಅದಕ್ಕಿಂತ ದೊಡ್ಡ ಗಂಟಲು ಬಂತು. “ಹೆಣ್ಣಿನ ಕಡೆಯೋರು ಇನ್ನೂ ಬಂದಿಲ್ಲ ಅಂತ ಹುಡುಕ್ಕೊಂಡು ಹೊರಟಿದ್ದೀವಿ. ದೂರದಿಂದ್ಲೇ ಅವರಿಗೆ ಕಾಣ್ಲಿ ಅಂತ ಲೈಟು ಹಾಕಿದ್ರೆ, ನೀನ್ಯಾವನಯ್ಯ ಕೇಳೋಕೆ?”

ರೈತ ಆ ದನಿಯ ಕಡೆ ಬಾಗಿ ನೋಡಿ, “ಬೀಗರೇ?” ಎಂದ.

ಆ ಗಾಡಿಯಿಂದ ಹಣೆಗೆ ಬಾಸಿಂಗ ಕಟ್ಟಿಕೊಂಡ ಹುಡುಗ ಇಳಿದು ಬಂದ. ಅವನ ಹಿಂದೆ ಪಂಚಾಂಗ ಬಗಲಲ್ಲಿಟ್ಟುಕೊಂಡು ಜೋಯಿಸರೂ ಇಳಿದರು. ರೈತ ಎರಡು ಗಾಡಿಗಳ ನಡುವಿನ ಆ ಗೇಣು ಜಾಗವನ್ನು ನೋಡಿದ. ಬಗ್ಗಿ ಅದರಲ್ಲಿ ತನ್ನ ಗೇಣಿಟ್ಟು ಅಳೆದ.

ಹೊತ್ತು ಹುಟ್ಟುತ್ತಿತ್ತು. ಬೀಗರ ಊರು ಇನ್ನೂ ದೂರವಿತ್ತು. ಜೋಯಿಸರು ಆಕಾಶ ನೋಡಿದರು, ಕಣ ನೋಡಿದರು, ಇಲ್ಲೇ ಆಗಲಿ ಎಂದರು. ಬೀಗರ ಗಾಡಿಯನ್ನೂ ರಸ್ತೆಯಿಂದ ಒಳಗೆ ತಂದು, ದಾರಿಹೋಕರಿಗೆ ತಿಳಿಯಲೆಂದು ಲೈಟು ಮಿಣುಕಲು ಬಿಟ್ಟರು. ಮಂಜೇ ಚಪ್ಪರವಾಯಿತು. ಸೋದರತ್ತೆ ಸೆರಗು ಸರಿಸಿದಳು. ಆ ಬೆಳಕಿನಲ್ಲಿ ತಾಳಿ ಕಟ್ಟಿದರು. ಎಲ್ಲರೂ ಎರಚಿದ ಅಕ್ಷತೆ ಕೆಳಗೆ ಬೀಳಲೇ ಇಲ್ಲ, ಮಂಜಿನಲ್ಲಿ ಸಿಕ್ಕಿಕೊಂಡು ನಿಂತಿತು. ಬಿಸಿಲು ಬಂದ ಮೇಲೆ ಒಂದೊಂದೇ ಕಾಳು ಗಂಡು ಹೆಣ್ಣಿನ ತಲೆಯ ಮೇಲೆ ಇಳಿಯಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ.

“ಹಾಗಾದರೆ ಬುದ್ಧಿ, ಮೊದಲು ತಗ್ಗಿಸಬೇಕಾದವನು ಯಾರು? ನಾನೋ, ಅಣ್ಣನೋ?”

“ನಿನ್ನ ಅಣ್ಣ ಬೆಳಿಗ್ಗೆಯೇ ನಿನ್ನನ್ನು ಹುಡುಕಿಕೊಂಡು ಬಂದು ಹೊರಗಿನ ಜಗಲಿಯ ಮೇಲೆ ಕೂತಿದ್ದಾನೆ, ಅವನನ್ನೇ ಕೇಳು” ಎಂದರು ಗುರುಗಳು.