ಗಂಟಿಲ್ಲದ ತಲೆಗೆ ನೀರಿಲ್ಲ

ಒಂದಾನೊಂದು ಊರಿನಲ್ಲಿ ಒಂದು ದಿನ ಘೋರ ಸಂಗತಿ ನಡೆಯಿತಂತೆ. ಮಂತ್ರಿ ಸೀನಿದ ರಭಸಕ್ಕೆ ಅವನ ಪೇಟದ ಗಂಟು ಎಡಗಿವಿಯಿಂದ ಬಲಗಿವಿಗೆ ಜಾರಿತು. ಅಂಗಡಿಗಳು ಮುಚ್ಚಿದವು. ಅವನ ಹೆಂಡತಿ ತವರಿಗೆ ಹೋದಳು.

ಆ ಊರಲ್ಲಿ ಇದ್ದದ್ದೇ ಎರಡು ಬಣ: ಎಡಗಂಟಿನವರು, ಬಲಗಂಟಿನವರು. ಭೇದವೇನು ಅಂತ ಕೇಳಿದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು. ರಾಜ ಬೆಳಗ್ಗೆ ಯಾವ ಮಗ್ಗುಲಿಗೆ ಎದ್ದನೋ ಆ ಗಂಟಿನವರಿಗೆ ಅಂದು ಕೆರೆಯ ನೀರು. ಅಪ್ಪಣೆ ಮೀರಿದವರ ತಲೆ ಬೋಳಿಸುತ್ತಿದ್ದರು.

ಕೆಂಚವ್ವ ಬದನೆ ಬೆಳೆಯುವವಳು, ಗಂಡ ಇಲ್ಲ. ತಲೆಗೆ ಪೇಟವಿಲ್ಲ, ಹಾಗಾಗಿ ಗದ್ದೆಗೆ ನೀರಿಲ್ಲ. ಸಸಿಗಳು ಇನ್ನೊಂದು ಬಿಸಿಲು ತಡೆಯುವಂತಿರಲಿಲ್ಲ. ನೀನು ಒಳಗೊಳಗೇ ಬಲದವಳು ಅಂತ ಎಡದವರು ಅಂದರಂತೆ. ಬಲದವರು, ನೀನು ಎಡದವಳೇ ಅಂದರಂತೆ. ನಾನು ಬದನೆಯವಳು ಅಂದದ್ದಕ್ಕೆ ಇಬ್ಬರೂ ಸೇರಿ ನಕ್ಕರಂತೆ. ಅವರು ಒಟ್ಟಾಗಿ ಮಾಡಿದ ಕೆಲಸ ಅದೊಂದೇ.

ಕೆಂಚವ್ವ ಕೆರೆಯ ನೀರು ಬಿಡುವ ತೂಬಿನ ಹತ್ತಿರ ಹೋದಳು. ತೂಬು ಕಾಯುವ ನೀರುಗಂಟಿ ಮಾರಯ್ಯ ಬಲು ಅಂಜುಬುರುಕ.

"ಇವತ್ತು ಎಡಗಂಟಿನ ತಲೆಗೆ ಮಾತ್ರ ನೀರು ಕಣವ್ವ. ನಿಂಗೆ ಬಿಟ್ಟರೆ ನನ್ನ ತಲೆ ಬೋಳು."

"ನಂಗೆ ಬೇಡ ಬಿಡು. ಅರಮನೆ ಕಾಲುವೆಗೆ ಯಾಕಣ್ಣ ಬಿಟ್ಟಿದ್ದೀಯ? ಕಿರೀಟದ ಗಂಟು ಯಾವ ಕಡೆಗಿದೆ?"

ಮಾರಯ್ಯ ಯೋಚಿಸಿದ, ಬೆವೆತ, ತಲೆ ಸವರಿಕೊಂಡ. ಅರಮನೆ ಕಾಲುವೆ ಮುಚ್ಚಿದ.

ಅತ್ತ ರಾಜನಿಗೆ ಎಣ್ಣೆಸ್ನಾನ. ತಲೆಗೆ ಸೀಗೆಪುಡಿ ತಿಕ್ಕಿಯಾಗಿತ್ತು, ತೊಳೆಯಲು ನೀರಿಲ್ಲ. ಕಣ್ಣು ಉರಿದು, ಒದ್ದೆ ಪಂಚೆಯಲ್ಲೇ ಭಟರ ಕೈ ಹಿಡಿದು ತೂಬಿಗೆ ಬಂದನಂತೆ. ಬಿಡೋ ನೀರು ಅಂತ ಗದರಿದ.

"ಬೆಳಗಿನ ಅಪ್ಪಣೆಯೋ, ಈಗಿನದೋ, ಬುದ್ಧಿ? ಯಾವುದು ಮೀರಿದರೂ ಬೋಳಾಗೋದು ನಾನೇ," ಅಂದ ಮಾರಯ್ಯ.

ಕೆಂಚವ್ವ ಮುಂದೆ ಬಂದಳು. "ತಲೆ ನೋಡೋದು ಬೇಡ ಬುದ್ಧಿ. ತೂಬಿನಿಂದ ಸಾಲಾಗಿ, ಗದ್ದೆ ಆದಮೇಲೆ ಗದ್ದೆ, ಅರಮನೆಗೂ ಅದರ ಸರದಿಯಲ್ಲಿ ಅಂತ ಕಲ್ಲಲ್ಲಿ ಕೆತ್ತಿಸಿ. ಕಲ್ಲು ಮಗ್ಗುಲು ಬದಲಿಸೋದಿಲ್ಲ. ಬದಲಿಸಲೇಬೇಕಾದರೆ ಊರೆಲ್ಲ ಕೂತು ಒಪ್ಪಲಿ, ನೀವೂ ಬಂದು ಕೂರಿ."

"ಮಾತಾಡ್ತಿರೋಳು ಯಾವ ಗಂಟಿನವಳು?"

"ಕಣ್ಣು ತೊಳೆದ ಮೇಲೆ ನೋಡಿಕೊಳ್ಳಿ."

ರಾಜ ಕಣ್ಣು ಮುಚ್ಚಿಕೊಂಡೇ ಒಪ್ಪಿದ. ಕಲ್ಲುಕುಟಿಗ ಅಂದೇ ಕೆತ್ತಿದ.

ಕಣ್ಣುರಿ ಇಳಿದ ಮೇಲೆ ರಾಜನ ಮನಸ್ಸು ತಿರುಗಿತು. ಕೆತ್ತಿದ್ದನ್ನು ಬದಲಿಸಬೇಕೆಂದು, ಕಲ್ಲಿನ ಮಾತಿನಂತೆ ಊರನ್ನು ಸೇರಿಸಿದ. ಎರಡೂ ಬಣದವರಿಗೆ ರಾಜ ಇನ್ನೊಂದು ಮಗ್ಗುಲಿಗೆ ಎದ್ದ ದಿನಗಳು ನೆನಪಾದವು. ಯಾರೂ ಒಪ್ಪಲಿಲ್ಲ. ಎದ್ದು ಹೋಗುವಾಗ ಗಂಟಿನ ಬಗ್ಗೆ ಜಗಳವಾಡುತ್ತಲೇ ಹೋದರು.

ಅವರ ನೀರು ಅಲ್ಲಿ ಹರಿಯಿತು, ನಮ್ಮ ಕಥೆ ಇಲ್ಲಿಗೆ ನಿಂತಿತು. ಸಾಲಿನಲ್ಲಿ ಕೆಂಚವ್ವನದು ಏಳನೆಯ ಗದ್ದೆ, ಅರಮನೆಯದು ಎಂಟನೆಯ ಸರದಿ.